ಜಾಗಟೆಯ ಸದ್ದು ನಿಂತಾಗ ಕೈ ಎತ್ತಿ: ಪುಟಾಣಿಗಳಿಗೆ ಯೋಗ ಹೇಳಿಕೊಡುವ ನನ್ನ ಅನುಭವ

ಮೈಸೂರಿನಲ್ಲಿ ಯೋಗ ಹೇಳಿಕೊಡುವವರಿಗೆ ಬರವಿಲ್ಲ, ನಾನೂ ಅವರಲ್ಲಿ ಒಬ್ಬಳು. ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಮಾತ್ರ ‘ಕಣ್ಣು ಮುಚ್ಚಿ, ಉಸಿರನ್ನು ಗಮನಿಸಿ’ ಅಂತ ನಾನು ಹೇಳುವುದಿಲ್ಲ. ಪಕ್ಕದವನು ಕಣ್ಣು ಮುಚ್ಚಿದ್ದಾನಾ ಅಂತ ಕದ್ದು ನೋಡುವುದರಲ್ಲೇ ಅವರ ಗಮನವೆಲ್ಲ ಮುಗಿದುಹೋಗುತ್ತದೆ.

ನಾನು ಶುರು ಮಾಡುವುದು ದೇವರ ಮನೆಯ ಜಾಗಟೆಯಿಂದ. ಮೆಲ್ಲಗೆ ಒಂದೇ ಪೆಟ್ಟು. ಸದ್ದು ಪೂರ್ತಿ ನಿಂತ ಮೇಲೆ ಕೈ ಎತ್ತಬೇಕು, ಅಷ್ಟೇ ಆಟ. ಮೊದಲ ಸಲ ಎಲ್ಲರೂ ತಕ್ಷಣ ಎತ್ತಿಬಿಡುತ್ತಾರೆ. ‘ಮಿಸ್, ನಂಗಿನ್ನೂ ಕೇಳಿಸ್ತಿದೆ’ ಅಂತ ಒಬ್ಬಳು, ‘ಸುಳ್ಳು, ನಿಂತೋಯ್ತು’ ಅಂತ ಇನ್ನೊಬ್ಬ. ಜಗಳ ತೀರಿಸಲು ಮತ್ತೆ ಬಾರಿಸಬೇಕು. ಆಗ ನೋಡಿ, ಯಾರೂ ಅಲುಗಾಡುವುದಿಲ್ಲ. ಅದಕ್ಕೆ ಧ್ಯಾನ ಅಂತ ಹೆಸರಿಡುವುದು ಬೇಕಿಲ್ಲ.

ಉಸಿರನ್ನು ಎಣಿಸಿ ಮಾಡಿಸುವುದಿಲ್ಲ. ದೊಡ್ಡವರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡಿದರೆ, ಈ ವಯಸ್ಸಿನವರದು 20ಕ್ಕಿಂತ ಜಾಸ್ತಿ. ನಮ್ಮ ಎಣಿಕೆಗೆ ಹೊಂದಿಸಲು ಹೋಗಿ ಭುಜ ಬಿಗಿ ಮಾಡಿಕೊಳ್ಳುತ್ತಾರೆ. ಉಸಿರು ಕಟ್ಟುವ ಕುಂಭಕವಾಗಲಿ, ರಭಸವಾಗಿ ಉಸಿರು ಹೊರಹಾಕುವ ಕಪಾಲಭಾತಿಯಾಗಲಿ ಈಗಲೇ ಬೇಡ. ಕಿವಿ ಮುಚ್ಚಿಕೊಂಡು ದುಂಬಿಯ ಹಾಗೆ ಗುಂಯ್‌ಗುಟ್ಟುವ ಭ್ರಾಮರಿ ಸಾಕು. ಗುಂಯ್ ಅನ್ನುತ್ತಾ ಉಸಿರು ಬಿಡುವಾಗ ಅದು ತಾನಾಗಿ ಉದ್ದವಾಗುತ್ತದೆ. ಆದರೆ ಕಿವಿ ಮುಚ್ಚಿಕೋ ಎಂದರೆ ಬೆರಳನ್ನು ಒಳಗೇ ತುರುಕುತ್ತಾರೆ! ಕಿವಿಯ ತೂತಿನ ಮುಂದಿರುವ ಪುಟ್ಟ ಉಬ್ಬನ್ನು ಮೆಲ್ಲಗೆ ಒತ್ತುವುದನ್ನು ತೋರಿಸಿಕೊಡಬೇಕು.

ಆಸನಗಳಲ್ಲಿ ವೃಕ್ಷಾಸನ, ಭುಜಂಗಾಸನ, ಮಾರ್ಜಾಲಾಸನ. ಎರಡು ಮೂರು ಉಸಿರಿನಷ್ಟು ಹೊತ್ತು ನಿಂತರೆ ಬೇಕಾದಷ್ಟಾಯಿತು. ಕೊನೆಗೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಕಾಗದದ ದೋಣಿ ಇಡುತ್ತೇನೆ. ದೋಣಿ ಏರಿ ಇಳಿಯುವುದನ್ನು ನೋಡುತ್ತಾ ಕೆಲವರು ಅಲ್ಲೇ ನಿದ್ದೆ ಹೋಗುತ್ತಾರೆ. ಎಬ್ಬಿಸುವುದಿಲ್ಲ.

ತೊಂದರೆ ಬರುವುದು ಅಪ್ಪ ಅಮ್ಮಂದಿರಿಂದ. ಜೂನ್ 21ರ ಯೋಗ ದಿನ ಹತ್ತಿರ ಬಂತೆಂದರೆ ‘ವಿಡಿಯೋಗೆ ಒಂದು ಚಕ್ರಾಸನ ಮಾಡ್ಸಿ ಮಿಸ್’ ಅಂತ ಶುರು. ಬೆನ್ನನ್ನು ಹಿಂದಕ್ಕೆ ಕಮಾನಿನ ಹಾಗೆ ಬಗ್ಗಿಸುವ ಆಸನ ಅದು. ನಾನು ಒಪ್ಪುವುದಿಲ್ಲ. ಮೊಬೈಲ್ ಕಂಡ ಮಗು ತನ್ನ ಮೈ ಕಡೆ ನೋಡುವುದು ಬಿಟ್ಟು ನಮ್ಮ ಮುಖ ನೋಡಲು ಶುರು ಮಾಡುತ್ತದೆ, ಅಲ್ವಾ?

ಮನೆಯಲ್ಲಿ ಮಾಡಿಸುವುದಾದರೆ ಸಂಜೆ ತಿಂಡಿಗೆ ಮುಂಚೆ ಹತ್ತು ನಿಮಿಷ ಸಾಕು. ಹೊಟ್ಟೆ ತುಂಬಿದಾಗ ಬೇಡ. ಹಠ ಹಿಡಿದು ಅಳುವಾಗ ‘ಉದ್ದಕ್ಕೆ ಉಸಿರು ತಗೋ’ ಅಂತ ಗದರಿದರೆ ಅದನ್ನೂ ಶಿಕ್ಷೆ ಅಂದುಕೊಳ್ಳುತ್ತಾರೆ. ಸುಮ್ನೆ ಪಕ್ಕದಲ್ಲಿ ಕೂತು ನೀವೇ ಗುಂಯ್ ಅನ್ನಿ. ಸೇರಿಕೊಂಡರೆ ಸರಿ, ಇಲ್ಲದಿದ್ದರೆ ನಾಳೆ ನೋಡೋಣ.