ರೊಟ್ಟಿ ಬಡಿಯುವ ಕೈಗೆ ಬಾವು ಬಂದಾಗ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಓದಿದ್ದು ಫಿಸಿಯೋಥೆರಪಿ, ಆಮೇಲೆ ಸ್ನಾಯು, ಕೀಲುಗಳಿಗೆ ಕೈಯಿಂದಲೇ ಚಿಕಿತ್ಸೆ ಕೊಡುವ ಆಸ್ಟಿಯೋಪಥಿ ಕಲಿತೆ. ಔಷಧಿ ಬರೆಯುವ ಡಾಕ್ಟರ್ ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುಬಾವಿನ ಕಾಯಿಲೆ ಇರುವವರು ಬರುವಾಗಲೇ "ಒತ್ತಿ ಸರಿ ಮಾಡ್ತಾರಂತ" ಎಂಬ ಮಾತು ಕೇಳಿಕೊಂಡು ಬಂದಿರುತ್ತಾರೆ.

ಆ ತಾಯಿಯೂ ಹಾಗೇ ಬಂದರು. ನಲವತ್ತು ದಾಟಿದವರು. ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದರು. "ಅಕ್ಕಾರ, ಮುಂಜಾನೆ ಎದ್ದ ಕೂಡ್ಲೇ ಮುಷ್ಟಿ ಕಟ್ಟಾಕ ಬರಂಗಿಲ್ರಿ. ಹತ್ತು ಹೊಡದ ಮ್ಯಾಲ ಸಡ್ಲ ಆಕ್ಕೈತ್ರಿ" ಅಂದರು. ಮೂರು ತಿಂಗಳಿಂದ ಅಂಗಡಿಯ ನೋವಿನ ಗುಳಿಗೆ ನುಂಗುತ್ತಿದ್ದರು.

ಎರಡೂ ಕೈ ನೋಡಿದೆ. ಬೆರಳ ಬುಡದ ಗಿಣ್ಣುಗಳು ಉಬ್ಬಿದ್ದವು, ಮುಟ್ಟಿದರೆ ಬೆಚ್ಚಗಿದ್ದವು. ಮಣಿಕಟ್ಟೂ ಹಾಗೇ. ಉಗುರಿನ ಹತ್ತಿರದ ಗಿಣ್ಣುಗಳು ಮಾತ್ರ ಚೆನ್ನಾಗಿದ್ದವು. ವಯಸ್ಸಾಗಿ ಕೀಲು ಸವೆದಾಗ ಸಾಮಾನ್ಯವಾಗಿ ಉಗುರಿನ ಹತ್ತಿರದ್ದೇ ಗಂಟಾಗುತ್ತದೆ, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ. ಇವರಿಗೆ ಗಂಟೆಗಟ್ಟಲೆ ಬಿಡುತ್ತಿರಲಿಲ್ಲ. ಅಂಗೈಯನ್ನು ಅಡ್ಡಕ್ಕೆ ಮೆಲ್ಲಗೆ ಅದುಮಿದೆ. ಕೈ ಕಿತ್ತುಕೊಂಡರು. ಅವತ್ತು ನಾನು ಯಾವ ಚಿಕಿತ್ಸೆಯನ್ನೂ ಕೊಡಲಿಲ್ಲ. ಚೀಟಿ ಬರೆದು ಕೀಲುರೋಗ ತಜ್ಞರ ಹತ್ತಿರ ಕಳಿಸಿದೆ.

ಈ ಕಾಯಿಲೆಯಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಪೊರೆ ಊದಿ ದಪ್ಪವಾಗುತ್ತದೆ, ಬರಬರುತ್ತಾ ಪಕ್ಕದ ಮೂಳೆಯನ್ನೂ ತಿನ್ನುತ್ತದೆ. ಅದನ್ನು ಕೈಯಿಂದ ಒತ್ತಿ ನಿಲ್ಲಿಸಲು ಆಗುವುದಿಲ್ಲ. ಆಸ್ಟಿಯೋಪಥಿಯನ್ನು 1874ರಲ್ಲಿ ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಶುರು ಮಾಡಿದಾಗ ಈ ಕಾಯಿಲೆಯನ್ನು ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ಇರಲಿಲ್ಲ. ಈಗ ಇದೆ. ಇದ್ದೂ ಕೊಡಿಸದಿದ್ದರೆ ತಪ್ಪು ನಮ್ಮದು ಅಲ್ವಾ?

ಆ್ಯಂಟಿ ಸಿಸಿಪಿ ಅಂತ ಈ ಕಾಯಿಲೆಯನ್ನು ಗುರುತಿಸಲು ಮಾಡುವ ರಕ್ತಪರೀಕ್ಷೆ ಪಾಸಿಟಿವ್ ಬಂತು. ತಜ್ಞರು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಅದರ ಅಡ್ಡಪರಿಣಾಮ ತಗ್ಗಿಸಲು ಬೇರೆ ದಿನ ಫೋಲಿಕ್ ಆ್ಯಸಿಡ್ ಕೊಟ್ಟರು. ವಾರದ ಗುಳಿಗೆಯನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಅದಕ್ಕೆ ಅವರ ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರಕ್ಕೂ ಕೆಂಪು ಪೆನ್ನಿನಿಂದ ಸುತ್ತು ಹಾಕಿಸಿದೆ.

ಕಷ್ಟ ಶುರುವಾಗುವುದು ಇಲ್ಲಿಂದ. ಈ ಗುಳಿಗೆಯ ಗುಣ ಕಾಣಲು 6ರಿಂದ 12 ವಾರ ಬೇಕು. "ಮೂರು ವಾರ ನುಂಗಿದೆ, ಏನೂ ಆಗಲಿಲ್ಲ" ಅಂತ ಎಷ್ಟೋ ಜನ ಈ ಹೊತ್ತಲ್ಲೇ ಬಿಟ್ಟುಬಿಡುತ್ತಾರೆ. ಯಾರೋ ಕೊಡುವ ಪುಡಿಯ ಪೊಟ್ಟಣ ಹಿಡಿದುಕೊಂಡು ಬರುತ್ತಾರೆ. ಅಂಥ ಕೆಲವದರಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ನೋವು ಥಟ್ಟನೆ ಇಳಿಯುತ್ತದೆ, ಒಳಗೆ ಮೂಳೆ ಟೊಳ್ಳಾಗುತ್ತಾ ಹೋಗುತ್ತದೆ. ಆ ಕಾಯುವ ವಾರಗಳಲ್ಲಿ ರೋಗಿಯನ್ನು ಹಿಡಿದಿಟ್ಟುಕೊಳ್ಳುವುದು ನನ್ನ ಕೆಲಸ ಅಂತ ನಾನು ನಂಬಿದ್ದೇನೆ.

ಬಿಸಿಯಾಗಿ ಊದಿದ ಗಿಣ್ಣನ್ನು ನಾನು ಎಳೆಯುವುದಿಲ್ಲ, ಒತ್ತುವುದಿಲ್ಲ. ಅವರನ್ನು ಕೂರಿಸಿ ರೊಟ್ಟಿ ಬಡಿಯುವ ಹಾಗೆ ಮಾಡಿ ತೋರಿಸಿ ಅಂದೆ. ಮಣಿಕಟ್ಟು ನೋಯುತ್ತದೆ ಅಂತ ಅದನ್ನು ಬಿಗಿ ಹಿಡಿದು, ಪೂರಾ ತೋಳನ್ನು ಹೆಗಲಿಂದಲೇ ಎತ್ತಿ ಇಳಿಸುತ್ತಿದ್ದರು. ಹೆಗಲು ಕಿವಿಯ ಹತ್ತಿರ ಬಂದಿತ್ತು. ಬೆನ್ನಿನ ಮೇಲ್ಭಾಗ ಹಲಗೆ ಆಗಿತ್ತು, ಉಸಿರು ಮೇಲೆ ಮೇಲೆ. ರಾತ್ರಿ ಯಾವ ಮಗ್ಗುಲಲ್ಲೂ ನಿದ್ದೆ ಇರಲಿಲ್ಲ. ಹಾಗಾಗಿ ನಾನು ಕೆಲಸ ಮಾಡಿದ್ದು ಹೆಗಲ ರೆಕ್ಕೆ, ಪಕ್ಕೆಲುಬು, ಮುಂಗೈ ಸ್ನಾಯುಗಳ ಮೇಲೆ. ಅವರು ನನ್ನ ಕೈಗೆ ಎದುರಾಗಿ ಸ್ವಲ್ಪವೇ ಬಲ ಹಾಕಿ ಐದು ಸೆಕೆಂಡ್ ತಳ್ಳಬೇಕು, ಬಿಡಬೇಕು. ಬಿಟ್ಟಾಗ ಸ್ನಾಯು ತಾನಾಗಿ ಒಂದಿಷ್ಟು ಉದ್ದ ಬರುತ್ತದೆ. ಮೂರನೇ ವಾರ "ನಿನ್ನೆ ರಾತ್ರಿ ನಿದ್ದಿ ಹತ್ತಿತ್ರಿ" ಅಂದರು. ಗಿಣ್ಣಿನ ಬಾವು ಇನ್ನೂ ಇತ್ತು.

ಕತ್ತಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಶುರುವಿನ ವರ್ಷಗಳಲ್ಲಿ, ಹದಿನೈದು ವರ್ಷದಿಂದ ಈ ಕಾಯಿಲೆ ಇದ್ದ ಹಿರಿಯರೊಬ್ಬರು ಕತ್ತು ನೋವು ಅಂತ ಬಂದರು. ಮಲಗಿಸಿ, ಕತ್ತು ತಿರುಗಿಸಿ ಲಟಕ್ ಅನ್ನಿಸಲು ಕೈ ಇಟ್ಟಿದ್ದೆ. "ತಲೆ ಬಗ್ಗಿಸಿದ್ರೆ ಕೈಗೆ ಕರೆಂಟ್ ಹೊಡೆದ ಹಾಗಾಗ್ತದೆ" ಅಂದರು. ಕೈ ತೆಗೆದೆ. ಎಕ್ಸ್‌ರೇಯಲ್ಲಿ ಕತ್ತಿನ ಮೊದಲ ಎರಡು ಮೂಳೆಗಳ ನಡುವೆ ಅಂತರ ಕಂಡಿತು. ಅವುಗಳನ್ನು ಬಿಗಿದಿಡುವ ಪಟ್ಟಿಯನ್ನೂ ಈ ಕಾಯಿಲೆ ಸಡಿಲ ಮಾಡುತ್ತದೆ. ನಾನು ತಿರುಗಿಸಿದ್ದರೆ ಮಿದುಳುಬಳ್ಳಿಗೆ ಪೆಟ್ಟಾಗುತ್ತಿತ್ತೇನೋ. ಆಮೇಲೆ ರುಮಟಾಯ್ಡ್ ಇರುವ ಯಾರ ಕತ್ತನ್ನೂ ನಾನು ಲಟಕ್ ಅನ್ನಿಸಿಲ್ಲ. ನಿಮಗೆ ಈ ಕಾಯಿಲೆ ಇದ್ದರೆ, ಯಾರೇ ಕತ್ತಿಗೆ ಕೈ ಹಾಕಲಿ, ಬೇಡ ಅನ್ನಿ.

ಅಡುಗೆಮನೆಯಲ್ಲಿ ಬದಲಾಗಿದ್ದು ಸಣ್ಣ ಸಣ್ಣದು. ಹಿಟ್ಟು ನಾದುವುದು ಸೊಸೆಯ ಪಾಲಿಗೆ ಹೋಯಿತು. ಹಂಚನ್ನು ಒಂದೇ ಕೈಯಲ್ಲಿ ಎತ್ತುವುದು ನಿಂತಿತು. ಕೊಡವನ್ನು ಬೆರಳಲ್ಲಿ ತೂಗಾಡಿಸದೆ ಮುಂಗೈ ಮೇಲೆ ತಬ್ಬಿ ಹಿಡಿದರು. ಬಟ್ಟೆ ಹಿಂಡದೆ ಹಾಗೇ ತೂಗುಹಾಕಿದರು. ಬಾವು ಇಳಿಯತೊಡಗಿದ ಮೇಲೆ ಬೆಚ್ಚಗಿನ ನೀರಲ್ಲಿ ಕೈ ಇಟ್ಟು ಮುಷ್ಟಿ ಕಟ್ಟುವ, ಬೆರಳು ಅಗಲಿಸುವ, ಮೆತ್ತನೆ ಚೆಂಡು ಅದುಮುವ ವ್ಯಾಯಾಮ. ಇದನ್ನು ನಾನು ಸುಮ್ನೆ ಹೇಳುವುದಲ್ಲ. ಬ್ರಿಟನ್ನಿನಲ್ಲಿ 490 ರೋಗಿಗಳ ಮೇಲೆ ನಡೆದು 2015ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಔಷಧಿಯ ಜೊತೆ ಕೈ ವ್ಯಾಯಾಮವನ್ನೂ ಮಾಡಿದವರ ಕೈ ಒಂದು ವರ್ಷದ ನಂತರವೂ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿತ್ತು. ನನ್ನ ಆಸ್ಟಿಯೋಪಥಿಗೆ ಈ ಕಾಯಿಲೆಯಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ. ಅದನ್ನೂ ಅವರಿಗೆ ಹೇಳಿದ್ದೆ.

ಹತ್ತನೇ ವಾರ ಬೆಳಗ್ಗೆ ಏಳಕ್ಕೇ ರವಿಕೆಯ ಗುಂಡಿ ತಾವೇ ಹಾಕಿಕೊಂಡರಂತೆ. ಎಂಟನೇ ತಿಂಗಳಲ್ಲಿ "ಆರಾಮ ಆತಲ್ಲ" ಅಂತ ಗುಳಿಗೆ ಬಿಟ್ಟರು. ಕೆಲವೇ ವಾರಗಳಲ್ಲಿ ಮಣಿಕಟ್ಟು ಮತ್ತೆ ಊದಿತು. ಬೈಯಲಿಲ್ಲ. ಅವತ್ತೇ ತಜ್ಞರ ಹತ್ತಿರ ವಾಪಸ್ ಕಳಿಸಿದೆ. ಗುಳಿಗೆ ಶುರುವಾಯಿತು, ರಕ್ತ ಮತ್ತು ಲಿವರ್ ಪರೀಕ್ಷೆಗಳೂ ಶುರುವಾದವು.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಹೆಗಲು ಮುಟ್ಟುವ ಮೊದಲು "ಸೋಮವಾರದ್ದು ಆಯ್ತಾ?" ಅಂತ ಕೇಳುತ್ತೇನೆ. ಈಚೆಗೆ ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿಬಿಡುತ್ತಾರೆ. "ಆಗೇತ್ರಿ ಅಕ್ಕಾರ. ಕ್ಯಾಲೆಂಡರ್‌ದಾಗ ಗೀಟು ಹಾಕೇ ಬಂದೀನ್ರಿ."