ಮಗು ಯಾರ ಬಳಿ ಇರಬೇಕು? ಮುಂಬಯಿ, ಪುಣೆಯ ಕನ್ನಡಿಗ ಪೋಷಕರಿಗೆ ಹಂತ ಹಂತದ ಮಾಹಿತಿ

ಮಗುವಿನ ಸುಪರ್ದಿಯ ವ್ಯಾಜ್ಯದಲ್ಲಿ ಮುಂಬಯಿ, ಪುಣೆಗಳ ಕನ್ನಡಿಗ ಕುಟುಂಬಗಳಿಗೆ ಮೊದಲು ಎದುರಾಗುವ ತೊಡಕು ಊರಿನದು. ದುಡಿಮೆ ಚೆಂಬೂರಿನಲ್ಲೋ ಪಿಂಪ್ರಿಯಲ್ಲೋ ಇರುತ್ತದೆ, ತವರು ಉಡುಪಿಯಲ್ಲೋ ಕಲಬುರಗಿಯಲ್ಲೋ. ಹೆರಿಗೆಗೆ ತವರಿಗೆ ಹೋಗುವುದು ನಮ್ಮ ರೂಢಿಯಾದ್ದರಿಂದ ಜನನ ಪ್ರಮಾಣಪತ್ರ ಕರ್ನಾಟಕದ್ದು, ಲಸಿಕೆಯ ಕಾರ್ಡು ಮತ್ತು ಶಾಲೆಯ ದಾಖಲೆ ಮಹಾರಾಷ್ಟ್ರದ್ದು. ದಂಪತಿ ಬೇರೆಯಾಗುವ ಮಾತು ಬಂದಾಗ ಇಬ್ಬರೂ ತಂತಮ್ಮ ಊರಿನ ವಕೀಲರ ಬಳಿ ಓಡುತ್ತಾರೆ, ಮತ್ತು ಒಂದೇ ಮಗುವಿಗಾಗಿ ಎರಡು ರಾಜ್ಯಗಳಲ್ಲಿ ಎರಡು ಅರ್ಜಿಗಳು ಹುಟ್ಟಿಕೊಳ್ಳುತ್ತವೆ. ಹೀಗಾಗದಂತೆ ಮುನ್ನಡೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು: ಯಾವ ಕೋರ್ಟು?

ಸುಪರ್ದಿ ಮತ್ತು ಪೋಷಕತ್ವದ ಅರ್ಜಿಗಳಿಗೆ ಮೂಲವಾದ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಅಧಿಕಾರವಿರುತ್ತದೆ. ‘ಸಾಮಾನ್ಯವಾಗಿ’ ಎಂಬ ಮಾತಿನ ಮೇಲೆಯೇ ಅರ್ಧ ವಾದ ನಡೆಯುತ್ತದೆ. ನಾಲ್ಕು ವರ್ಷ ಚೆಂಬೂರಿನಲ್ಲಿ ಬೆಳೆದ ಮಗುವನ್ನು ತಾಯಿ ಏಪ್ರಿಲ್ ರಜೆಗೆ ಉಡುಪಿಗೆ ಕರೆದೊಯ್ದು, ಜಗಳದಿಂದಾಗಿ ಹಿಂತಿರುಗದೆ, ಜೂನ್‌ನಲ್ಲಿ ಅಲ್ಲಿಯ ಶಾಲೆಗೆ ಸೇರಿಸಿದಳೆನ್ನಿ. ಅರ್ಜಿ ಹಾಕಿದ ದಿನ ಮಗು ಉಡುಪಿಯಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಅದು ಉಡುಪಿಯ ವಾಸಿಯೆಂದು ತೀರ್ಮಾನವಾಗದು. ಅಲ್ಲಿಯೇ ನೆಲೆಸುವ ಉದ್ದೇಶ, ಅಲ್ಲಿ ಕಳೆದ ಕಾಲ, ಹೋದ ಸಂದರ್ಭ ಇವೆಲ್ಲವನ್ನೂ ನ್ಯಾಯಾಧೀಶರು ತೂಗುತ್ತಾರೆ. ಆದರೆ ತಂದೆ ಒಂದೆರಡು ವರ್ಷ ಸುಮ್ಮನಿದ್ದು ಆಮೇಲೆ ಮುಂಬಯಿಯ ಬಾಂದ್ರಾ ಕೋರ್ಟಿನಲ್ಲಿ ಅರ್ಜಿ ಹಾಕಿದರೆ ಆ ವೇಳೆಗೆ ಉಡುಪಿಯೇ ಮಗುವಿನ ಊರಾಗಿರುತ್ತದೆ. ಹಿರಿಯರ ಮಧ್ಯಸ್ಥಿಕೆಗೆ ಕಾಯುವುದು ಒಳ್ಳೆಯದೇ, ಆದರೆ ಕಾಯುವುದಕ್ಕೊಂದು ಗಡುವು ಇರಲಿ.

ವಿಚ್ಛೇದನದ ಅರ್ಜಿಗೆ ನಿಯಮ ಬೇರೆ. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹೆಂಡತಿ ತಾನು ವಾಸಿಸುವ ಊರಿನಲ್ಲಿಯೇ ಅರ್ಜಿ ಹಾಕಬಹುದು. ಅದೇ ಕಾಯ್ದೆಯ 26ನೇ ಸೆಕ್ಷನ್ ಅಡಿ ಆ ಕೋರ್ಟು ಮಗುವಿನ ಸುಪರ್ದಿಯ ಬಗ್ಗೆಯೂ ಆದೇಶ ಕೊಡಬಹುದು. ಕೌಟುಂಬಿಕ ಹಿಂಸೆಯಿಂದ ಮನೆ ಬಿಟ್ಟ ಹೆಂಗಸು 2005ರ ಕಾಯ್ದೆಯಡಿ ತಾನು ತಾತ್ಕಾಲಿಕವಾಗಿ ನೆಲೆಸಿದ ಊರಿನ ಮ್ಯಾಜಿಸ್ಟ್ರೇಟರಲ್ಲಿ ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ಕೇಳಬಹುದು. ಹೀಗೆ ಎರಡು ರಾಜ್ಯಗಳಲ್ಲಿ ಪ್ರಕರಣಗಳು ಹಂಚಿಹೋದರೆ ಅವನ್ನು ಒಂದೆಡೆಗೆ ತರಲು ಸುಪ್ರೀಂ ಕೋರ್ಟಿನಲ್ಲಿ ವರ್ಗಾವಣೆ ಅರ್ಜಿ ಹಾಕಬೇಕಾಗುತ್ತದೆ. ಆ ಖರ್ಚಿನಲ್ಲಿ ಮಗುವಿನ ಒಂದು ವರ್ಷದ ಶಾಲಾ ಶುಲ್ಕ ಕಟ್ಟಬಹುದು.

ಮುಂಬಯಿ ನಗರ ಮತ್ತು ಉಪನಗರಗಳ ಕೌಟುಂಬಿಕ ನ್ಯಾಯಾಲಯ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿದೆ, ಪುಣೆಯದು ಶಿವಾಜಿನಗರದಲ್ಲಿದೆ. ನಮ್ಮವರು ಬಹಳ ಮಂದಿ ಇರುವ ಡೊಂಬಿವಲಿ ಠಾಣೆ ಜಿಲ್ಲೆಗೆ ಸೇರಿದ್ದು. ಅಲ್ಲಿಯ ಮಗುವಿನ ಅರ್ಜಿಯನ್ನು ಬಾಂದ್ರಾಕ್ಕೆ ಒಯ್ದು ಪ್ರಯೋಜನವಿಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಕುಟುಂಬ ಕಾನೂನು ಇನ್ನೂ ಜಾರಿಯಲ್ಲಿರುವುದರಿಂದ, ವಾಸ್ಕೊ, ಮಡಗಾಂವ್‌ಗಳಲ್ಲಿ ನೆಲೆಸಿದವರು ತಮ್ಮ ಮದುವೆ ಎಲ್ಲಿ, ಯಾವ ಕಾನೂನಿನಡಿ ಆಗಿದೆ ಎಂಬುದರ ದಾಖಲೆಯನ್ನು ಮೊದಲು ವಕೀಲರಿಗೆ ತೋರಿಸಬೇಕು.

ಹಕ್ಕು ತಂದೆಯದೋ ತಾಯಿಯದೋ?

1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್ ತಂದೆಯನ್ನು ಮೊದಲ ಸಹಜ ಪೋಷಕನೆಂದೂ (ಕೋರ್ಟು ನೇಮಿಸದೆಯೇ ಕಾನೂನು ಒಪ್ಪುವ ಪೋಷಕ) ಅವನ ‘ನಂತರ’ ತಾಯಿಯನ್ನೂ ಹೆಸರಿಸುತ್ತದೆ. ಇದನ್ನು ಓದಿ ಎದೆಯುಬ್ಬಿಸುವ ತಂದೆಯರು ಅದೇ ಕಾಯ್ದೆಯ 13ನೇ ಸೆಕ್ಷನ್ನನ್ನೂ ಓದಬೇಕು. ಮಗುವಿನ ಕ್ಷೇಮವೇ ಪರಮೋಚ್ಚ ಎಂದು ಅದು ಹೇಳುತ್ತದೆ. 1999ರಲ್ಲಿ ಗೀತಾ ಹರಿಹರನ್ ಅವರು ರಿಸರ್ವ್ ಬ್ಯಾಂಕಿನ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಂದೆ ದೂರವಿದ್ದರೂ, ಮಗುವಿನ ಹೊಣೆಯಲ್ಲಿ ಉದಾಸೀನನಾಗಿದ್ದರೂ ತಾಯಿ ಅವನು ಬದುಕಿರುವಾಗಲೇ ಸಹಜ ಪೋಷಕಿಯಾಗಬಹುದೆಂದು ಸ್ಪಷ್ಟಪಡಿಸಿತು.

ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 6ನೇ ಸೆಕ್ಷನ್ನೇ ಹೇಳುತ್ತದೆ. ಗೋವಾದಿಂದ ಹೋದ ಪ್ರಕರಣವೊಂದರಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಎತ್ತಿಹಿಡಿದು, ಅಂಥ ಎಳೆಯ ಮಗುವಿಗೆ ತಾಯಿ ತಕ್ಕವಳಲ್ಲವೆಂದು ತೋರಿಸುವ ಹೊಣೆ ತಂದೆಯದೆಂದು ತೀರ್ಪಿತ್ತಿತು. ಐದು ತುಂಬಿದ ಕೂಡಲೇ ಮಗು ತಂದೆಗೆ ಹೋಗುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಕಾನೂನಿನಲ್ಲಿ ಅಂಥದ್ದೇನೂ ಇಲ್ಲ. ತಾಯಿಯ ಆದಾಯ ಕಡಿಮೆಯೆಂಬುದಾಗಲಿ, ಇಬ್ಬರಲ್ಲೊಬ್ಬರು ಮರುಮದುವೆಯಾದರೆಂಬುದಾಗಲಿ ತಾನೇ ತಾನಾಗಿ ಅನರ್ಹತೆಯಲ್ಲ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಅವರವರ ವೈಯಕ್ತಿಕ ಕಾನೂನು ಲೆಕ್ಕಕ್ಕೆ ಬರುತ್ತದಾದರೂ, 1890ರ ಕಾಯ್ದೆಯಡಿ ಕೋರ್ಟು ಅಲ್ಲಿಯೂ ನೋಡುವುದು ಮಗುವಿನ ಕ್ಷೇಮವನ್ನೇ.

ಕಾಗದಪತ್ರ ಹೊಂದಿಸುವುದು

ಕ್ಷೇಮವೆಂಬುದು ಕೋರ್ಟಿನಲ್ಲಿ ದಿನಚರಿಯ ರೂಪದಲ್ಲಿ ಸಾಬೀತಾಗುತ್ತದೆ. ಮಗುವನ್ನು ಬೆಳಿಗ್ಗೆ ಶಾಲಾ ಬಸ್ಸಿಗೆ ಹತ್ತಿಸುವವರು ಯಾರು, ಪೋಷಕರ ಸಭೆಗೆ ಸಹಿ ಹಾಕಿದವರು ಯಾರು, ಜ್ವರ ಬಂದಾಗ ರಜೆ ಹಾಕಿದವರು ಯಾರು ಎಂಬುದು, ಯಾರ ಮನೆ ದೊಡ್ಡದು ಎಂಬುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಜನನ ಪ್ರಮಾಣಪತ್ರ, ಆಧಾರ್, ಲಸಿಕೆಯ ಕಾರ್ಡು, ಶಾಲೆಯ ಶುಲ್ಕದ ರಸೀದಿ, ಪ್ರಗತಿಪತ್ರ, ವೈದ್ಯರ ಚೀಟಿ, ಶಾಲೆಯ ಡೈರಿಯ ಪುಟಗಳು ಇವನ್ನು ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿ ಜೋಡಿಸಿಟ್ಟುಕೊಳ್ಳಿ. ಕನ್ನಡದಲ್ಲಿರುವ ದಾಖಲೆ, ಪತ್ರ, ವಾಟ್ಸ್‌ಆ್ಯಪ್ ಸಂದೇಶಗಳಿಗೆ ಇಂಗ್ಲಿಷ್ ಅಥವಾ ಮರಾಠಿ ಅನುವಾದ ಬೇಕಾಗುತ್ತದೆ. ವಾಯಿದೆಯ ಹಿಂದಿನ ದಿನ ಅನುವಾದಕರನ್ನು ಹುಡುಕಿಕೊಂಡು ಅಲೆಯಬೇಡಿ. ಅತ್ತೆಯ ಬೈಗುಳದ ಧ್ವನಿಮುದ್ರಿಕೆ, ನಾದಿನಿಯ ಫೇಸ್‌ಬುಕ್ ಬರಹ ಇವೆಲ್ಲ ಮಗುವಿನ ಮೇಲೆ ಪರಿಣಾಮ ಬೀರಿದ್ದರೆ ಮಾತ್ರ ಫೈಲಿಗೆ ಸೇರಲಿ.

ಇದೇ ಹಂತದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಶಾಲೆ ಬಿಡುವ ಹೊತ್ತಿಗೆ ಹೋಗಿ ಮಗುವನ್ನು ಎತ್ತಿಕೊಂಡು ರೈಲು ಹತ್ತುವ ಯೋಚನೆ ಕೆಲವರಿಗೆ ಬರುತ್ತದೆ. ಕೋರ್ಟಿನ ನಿಷೇಧವಿಲ್ಲದಾಗ ತಂದೆ ತನ್ನ ಮಗುವನ್ನು ಕರೆದೊಯ್ದರೆ ಅದು ಅಪಹರಣವಾಗದೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2023ರಲ್ಲಿ ಹೇಳಿದೆ, ನಿಜ. ಆದರೆ ಅಪರಾಧವಲ್ಲದ್ದೆಲ್ಲ ಜಾಣತನವೂ ಅಲ್ಲ. ಹಾಗೆ ಮಗುವನ್ನು ಬೇರಿನಿಂದ ಕಿತ್ತವರ ವಿವೇಕವನ್ನು ನ್ಯಾಯಾಧೀಶರು ಸುಪರ್ದಿಯ ವಿಚಾರಣೆಯಲ್ಲಿ ಅಳೆದೇ ಅಳೆಯುತ್ತಾರೆ, ಎದುರಿನವರು ಮಗುವನ್ನು ಕೋರ್ಟಿಗೆ ಹಾಜರುಪಡಿಸಬೇಕೆಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೈಕೋರ್ಟಿಗೆ ಹಾಕಲೂಬಹುದು.

ಅರ್ಜಿ, ಮಧ್ಯಂತರ ಆದೇಶ, ಸಮಾಲೋಚನೆ

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರದು. ಅದರ 13ನೇ ಸೆಕ್ಷನ್ ಪ್ರಕಾರ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು; ಬಹುತೇಕ ಪ್ರಕರಣಗಳಲ್ಲಿ ಅನುಮತಿ ಸಿಗುತ್ತದೆ. 9ನೇ ಸೆಕ್ಷನ್ ಪ್ರಕಾರ ಕೋರ್ಟು ಮೊದಲು ರಾಜಿಗೆ ಯತ್ನಿಸಬೇಕಾಗಿರುವುದರಿಂದ ನಿಮ್ಮನ್ನು ವಿವಾಹ ಸಮಾಲೋಚಕರ ಬಳಿ ಕಳಿಸುತ್ತಾರೆ. ಇದನ್ನು ಕಾಲಹರಣವೆಂದು ತಿಳಿಯುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯಲ್ಲಿ ಮಗುವಿನ ಊಟ, ನಿದ್ದೆ, ಶಾಲೆಯ ಬಗ್ಗೆ ಸಾವಧಾನವಾಗಿ ಮಾತು ನಡೆಯುವ ಜಾಗ ಇದೊಂದೇ; ಸಿದ್ಧರಾಗಿ ಹೋಗಿ.

ಅಂತಿಮ ತೀರ್ಪಿಗೆ ವರ್ಷಗಳು ಹಿಡಿಯಬಹುದು. ಅಷ್ಟರವರೆಗೆ ಮಗು ಎಲ್ಲಿರಬೇಕು, ಇನ್ನೊಬ್ಬರು ಯಾವಾಗ ನೋಡಬೇಕು ಎಂಬ ಮಧ್ಯಂತರ ಆದೇಶವೇ ಮಗುವಿನ ಬದುಕನ್ನು ನಿಜವಾಗಿ ರೂಪಿಸುತ್ತದೆ. ಹಾಗೆ ಕಟ್ಟಿಕೊಂಡ ದಿನಚರಿಯನ್ನು ಕೊನೆಯಲ್ಲಿ ಮುರಿಯಲು ಕೋರ್ಟು ಹಿಂಜರಿಯುತ್ತದೆ. ಆದ್ದರಿಂದ ಮುಖ್ಯ ಅರ್ಜಿಯ ಜೊತೆಯಲ್ಲಿಯೇ ಮಧ್ಯಂತರ ಅರ್ಜಿಯನ್ನೂ ಹಾಕಿ. ಮೊದಮೊದಲು ಭೇಟಿಯನ್ನು ಕೋರ್ಟಿನ ಆವರಣದಲ್ಲಿ ಇಡುವುದುಂಟು. ಬಾಂದ್ರಾದಲ್ಲಿ ಮಕ್ಕಳ ಭೇಟಿಗೆಂದು ಪ್ರತ್ಯೇಕ ಜಾಗವಿದೆ. ಎರಡು ರಾಜ್ಯಗಳ ನಡುವೆ ಮಗು ಹಂಚಿಹೋಗಿದ್ದರೆ ವಿಡಿಯೊ ಕರೆಯನ್ನೂ ಕೇಳಿ. ದೂರವಿರುವ ಪೋಷಕರಿಗೆ ಮಗುವಿನೊಡನೆ ಮಾತನಾಡುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಮಗುವಿನ ಇಷ್ಟವನ್ನು ಕೇಳುತ್ತಾರೆಯೇ? ವಿಚಾರಮಾಡಿ ಹೇಳುವಷ್ಟು ಬೆಳೆದಿದ್ದರೆ 1890ರ ಕಾಯ್ದೆಯ 17ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಇಷ್ಟು ವಯಸ್ಸೆಂಬ ಗೆರೆಯಿಲ್ಲ. ನ್ಯಾಯಾಧೀಶರು ಸಾಮಾನ್ಯವಾಗಿ ತಮ್ಮ ಕೊಠಡಿಯಲ್ಲಿ, ಪೋಷಕರನ್ನು ಹೊರಗಿರಿಸಿ ಮಾತನಾಡಿಸುತ್ತಾರೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ಮಗು ‘ಪಪ್ಪ ಜೀವನಾಂಶ ಕೊಡುವುದಿಲ್ಲ’ ಎಂದು ವಕೀಲರ ಮಾತನ್ನು ಒಪ್ಪಿಸಿದರೆ, ಅದನ್ನು ಕಲಿಸಿಕೊಟ್ಟವರು ಯಾರೆಂದು ತಿಳಿಯಲು ನ್ಯಾಯಾಧೀಶರಿಗೆ ಅನುವಾದಕರು ಬೇಕಾಗಿಲ್ಲ.

ಒಪ್ಪಂದವಾದರೆ ಅದನ್ನು ಬರೆಯುವ ಬಗೆ

ಹೆಚ್ಚಿನ ಪ್ರಕರಣಗಳು ಎಂದಾದರೊಂದು ದಿನ ಒಪ್ಪಂದಕ್ಕೆ ಬರುತ್ತವೆ, ಮತ್ತು ಒಪ್ಪಂದವನ್ನು ಅವಸರದಲ್ಲಿ ಬರೆಸಿಕೊಂಡವರೇ ಮತ್ತೆ ಕೋರ್ಟಿಗೆ ಬರುತ್ತಾರೆ. ‘ತಂದೆಗೆ ಮಗುವನ್ನು ಭೇಟಿಯಾಗಲು ಸೂಕ್ತ ಅವಕಾಶವಿರತಕ್ಕದ್ದು’ ಎಂಬ ಸಾಲು ಜಗಳಕ್ಕೆ ಕೊಟ್ಟ ಆಹ್ವಾನ. ‘ತಿಂಗಳ ಮೊದಲ ಮತ್ತು ಮೂರನೆಯ ಶನಿವಾರ ಬೆಳಿಗ್ಗೆ 10 ಗಂಟೆಗೆ ತಂದೆ ಮಗುವನ್ನು ತಾಯಿಯ ಕಟ್ಟಡದ ಗೇಟಿನಲ್ಲಿ ಕರೆದುಕೊಂಡು, ಭಾನುವಾರ ಸಂಜೆ 6 ಗಂಟೆಗೆ ಅಲ್ಲಿಯೇ ಒಪ್ಪಿಸತಕ್ಕದ್ದು, ಮಗುವಿಗೆ ಅನಾರೋಗ್ಯವಿದ್ದರೆ ಮುಂದಿನ ಶನಿವಾರ ಭೇಟಿ ನಡೆಯತಕ್ಕದ್ದು’ ಎಂದು ಬರೆದರೆ ತಕರಾರಿಗೆ ಎಡೆ ಕಡಿಮೆ.

ಎರಡು ರಾಜ್ಯಗಳ ಕುಟುಂಬಕ್ಕೆ ರಜೆಯ ಲೆಕ್ಕ ಇನ್ನೂ ಸೂಕ್ಷ್ಮ. ಕರ್ನಾಟಕದ ಶಾಲೆಗಳ ದೊಡ್ಡ ನಡುವರ್ಷದ ರಜೆ ದಸರೆಗೆ, ಮಹಾರಾಷ್ಟ್ರದ್ದು ದೀಪಾವಳಿಗೆ. ಬೇಸಿಗೆಯ ನಂತರ ಕರ್ನಾಟಕದ ಶಾಲೆ ಮೇ ಕೊನೆಗೋ ಜೂನ್ ಮೊದಲಿಗೋ ತೆರೆದರೆ ಇಲ್ಲಿಯ ರಾಜ್ಯ ಪಠ್ಯಕ್ರಮದ ಶಾಲೆ ಜೂನ್ ಮಧ್ಯದಲ್ಲಿ ತೆರೆಯುತ್ತದೆ. ‘ಹಬ್ಬದ ರಜೆಯಲ್ಲಿ ಅರ್ಧ’ ಎಂದು ಬರೆದರೆ ಯಾವ ರಾಜ್ಯದ ರಜೆ ಎಂಬ ಪ್ರಶ್ನೆ ಏಳುತ್ತದೆ. ‘ಮಗು ಓದುವ ಶಾಲೆಯ ಪಟ್ಟಿಯ ಪ್ರಕಾರ’ ಎಂದು ಸೇರಿಸಿ. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ. ಆದ್ದರಿಂದ ಪ್ರಯಾಣದ ದಿನಾಂಕವನ್ನು ಅದಕ್ಕಿಂತ ಮೊದಲೇ ತಿಳಿಸಬೇಕು, ಮಗುವಿನ ಜೊತೆ ಯಾರು ಹೋಗಬೇಕು, ಟಿಕೆಟಿನ ಹಣ ಯಾರದು ಎಂಬುದನ್ನೂ ಬರೆಸಿ. ಮೇ ತಿಂಗಳಲ್ಲಿ ಮತ್ಸ್ಯಗಂಧಕ್ಕೆ ಟಿಕೆಟ್ ಹುಡುಕಿದವರಿಗೆ ಈ ಷರತ್ತಿನ ಬೆಲೆ ಗೊತ್ತು.

ಶಾಲೆ ಬದಲಿಸುವುದು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ, ಪಾಸ್‌ಪೋರ್ಟ್ ಇವಕ್ಕೆ ಇಬ್ಬರ ಸಹಿ ಬೇಕೋ ಒಬ್ಬರದು ಸಾಕೋ ಎಂಬುದೂ ಒಪ್ಪಂದದಲ್ಲಿರಲಿ. ರಾಜ್ಯ ಬದಲಾದರೆ ಮಗುವಿನ ಕಲಿಕೆಯ ಭಾಷೆಯೂ ಬದಲಾಗುತ್ತದೆ: 2020ರ ಕಾಯ್ದೆಯಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಕರ್ನಾಟಕದಲ್ಲಿ 2015ರ ಕಾಯ್ದೆಯಿಂದ ಕನ್ನಡ ಕಡ್ಡಾಯ. ಐದನೆಯ ತರಗತಿಯಲ್ಲಿ ಮಗುವನ್ನು ಅತ್ತಿಂದಿತ್ತ ಒಯ್ಯುವ ಮುನ್ನ ಇದನ್ನು ಯೋಚಿಸಬೇಕು.

ಖರ್ಚು

ಮಗು ಬಳಿಯಿಲ್ಲವೆಂದು ತಂದೆಯ ಹೊಣೆ ತಪ್ಪುವುದಿಲ್ಲ, ಭೇಟಿ ಸಿಗಲಿಲ್ಲವೆಂದು ಹಣ ನಿಲ್ಲಿಸುವಂತೆಯೂ ಇಲ್ಲ. ಹಾಗೆಯೇ ಹಣ ಬರಲಿಲ್ಲವೆಂದು ಭೇಟಿಯನ್ನು ತಡೆಯುವಂತಿಲ್ಲ. ಎರಡಕ್ಕೂ ಪ್ರತ್ಯೇಕ ಪರಿಹಾರಗಳಿವೆ. 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ ಇಬ್ಬರೂ ಆದಾಯ, ಆಸ್ತಿ, ಸಾಲಗಳ ವಿವರವನ್ನು ಅಫಿಡವಿಟ್ ಮೂಲಕ ಸಲ್ಲಿಸಬೇಕು, ಮತ್ತು ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕು. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಅಡಿ ಹಾಕುತ್ತಿದ್ದ ಅರ್ಜಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಅಡಿ ಬರುತ್ತದೆ.

ಇನ್ನುಳಿದ ಪ್ರಶ್ನೆಗಳು

ತಾಯಿ ತೀರಿಕೊಂಡರೆ ಮಗುವನ್ನು ಸಾಕಿದ ಅಜ್ಜಿ, ಚಿಕ್ಕಮ್ಮಂದಿರಿಗೆ ಹಕ್ಕಿದೆಯೇ? ಮಹಾರಾಷ್ಟ್ರದ ಇಂಥ ಪ್ರಕರಣವೊಂದರಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಮಗುವನ್ನು ತಂದೆಗೇ ಒಪ್ಪಿಸಿತಾದರೂ, ತಾಯಿಯ ಕಡೆಯವರು ಮಗುವನ್ನು ನೋಡಲು ಅವಕಾಶ ಕೊಟ್ಟಿತು. ಮದುವೆಯಾಗದ ತಾಯಿ, ತಂದೆಗೆ ನೋಟಿಸು ಕೊಡದೆಯೇ ತನ್ನನ್ನು ಪೋಷಕಿಯೆಂದು ನೇಮಿಸುವಂತೆ ಕೇಳಬಹುದೆಂಬುದು 2015ರ ತೀರ್ಪು. ಮಗುವಿನ ಹೆಸರಿನ ಜಮೀನನ್ನು ಮಾರಬೇಕಾದರೆ ಸಹಜ ಪೋಷಕರಿಗೂ ಕೋರ್ಟಿನ ಪೂರ್ವಾನುಮತಿ ಬೇಕು.

ಸುಪರ್ದಿಯ ಆದೇಶ ಶಾಶ್ವತವಲ್ಲ. ಕೆಲಸ ಬೆಂಗಳೂರಿಗೆ ವರ್ಗವಾದರೆ, ಮಗುವಿನ ಆರೋಗ್ಯ ಕೆಟ್ಟರೆ, ಮಗುವೇ ದೊಡ್ಡದಾಗಿ ಬೇರೆ ಇಷ್ಟ ಹೇಳಿದರೆ ಅದೇ ಕೋರ್ಟಿನಲ್ಲಿ ಮಾರ್ಪಾಡಿಗೆ ಅರ್ಜಿ ಹಾಕಬಹುದು. ಆದೇಶ ಬದಲಾಗುವವರೆಗೆ ಹಳೆಯದನ್ನು ಪಾಲಿಸಬೇಕು. ವಕೀಲರ ಶುಲ್ಕಕ್ಕೆ ಅನುಕೂಲವಿಲ್ಲದ ತಾಯಂದಿರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರೆ, 1987ರ ಕಾಯ್ದೆಯಂತೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿಯ ಸಂಖ್ಯೆ 15100. ಮಗುವಿಗೇ ಅಪಾಯವಿದ್ದರೆ ಕೋರ್ಟಿನ ತಾರೀಖಿಗೆ ಕಾಯದೆ 1098ಕ್ಕೆ ಕರೆಮಾಡಬೇಕು.