ಹೈವೇಲಿ ಕೆಟ್ಟು ನಿಂತ ಗಾಡಿ ಹತ್ರ ಹೋದಾಗ ನಾವು ಏನ್ ಮಾಡ್ತೀವಿ - ನನ್ನ ಅನುಭವ

ಹೈವೇ ಪ್ಯಾಟ್ರೋಲ್ ಗಾಡೀಲಿ, ಅಂದ್ರೆ ಹೈವೇಲಿ ಗಸ್ತು ತಿರುಗೋ ಗಾಡೀಲಿ, ವರ್ಷಗಟ್ಟಲೆ ಡ್ಯೂಟಿ ಮಾಡಿದೀನಿ, ಅದರಲ್ಲಿ ಜಾಸ್ತಿ ಕಾಲ ಕಳೆದಿದ್ದು ಎನ್‌ಎಚ್ 75ರಲ್ಲಿ, ಹಾಸನ ದಾಟಿ ಸಕಲೇಶಪುರ, ದೋಣಿಗಾಲ್, ಹೆಗ್ಗದ್ದೆ, ಮಾರನಹಳ್ಳಿ ಅಂತ ಗುಂಡ್ಯ ಕಡೆ ಇಳಿಯೋ ಶಿರಾಡಿ ಘಾಟಿ ರೋಡಲ್ಲಿ. ಗಾಡಿ ಕೆಟ್ಟು ನಿಂತವರು ನಮ್ಮನ್ನ ನೋಡಿದ ತಕ್ಷಣ ಕೇಳೋದು ಒಂದೇ, ಮೆಕ್ಯಾನಿಕ್ ಸಿಗ್ತಾರಾ ಸಾರ್ ಅಂತ. ಸಿಗ್ತಾರೆ, ನಂಬರ್ ನಮ್ಮತ್ರ ಇರುತ್ತೆ, ಆದ್ರೆ ನಮ್ಮ ಕಣ್ಣು ಮೊದಲು ಹೋಗೋದು ಕೆಟ್ಟ ಗಾಡಿ ಮೇಲಲ್ಲ, ಅದರ ಹಿಂದಿನಿಂದ ಬರೋ ಗಾಡಿಗಳ ಮೇಲೆ, ಯಾಕಂದ್ರೆ ಬಾನೆಟ್ ಎತ್ತಿ ಇಂಜಿನ್ ನೋಡ್ತಾ ನಿಂತವರಿಗೆ ಇಂಜಿನ್‌ನಿಂದ ಏನೂ ಆಗಲ್ಲ, ಪ್ರಾಣ ಹೋಗೋದು ಹಿಂದಿಂದ ಬಂದು ಗುದ್ದೋದ್ರಿಂದ.

ಅದಕ್ಕೆ ನಮ್ಮ ಗಾಡೀನ ಕೆಟ್ಟ ಗಾಡಿಗಿಂತ ಸುಮಾರು ಹಿಂದೇನೇ, ಸ್ವಲ್ಪ ಓರೆಯಾಗಿ, ಮೇಲಿನ ಲೈಟ್ ಉರಿಯೋ ಹಾಗೇ ಬಿಟ್ಟು ನಿಲ್ಲಿಸ್ತೀವಿ. ಮುಂದಿನ ಚಕ್ರ ಎಡಕ್ಕೆ ತಿರುಗಿಸಿ ಇಡ್ತೀವಿ, ಯಾರಾದ್ರೂ ನಮಗೇ ಗುದ್ದಿದ್ರೂ ನಮ್ಮ ಗಾಡಿ ಮುಂದಿರೋ ಜನದ ಮೇಲೆ ನೇರ ನುಗ್ಗಬಾರದು ಅಂತ. ಘಾಟಿ ತಿರುವಲ್ಲಾದ್ರೆ ತಿರುವು ಶುರುವಾಗೋಕೆ ಮುಂಚೆನೇ ಒಬ್ಬ ಸಿಬ್ಬಂದಿ ರಿಫ್ಲೆಕ್ಟರ್ ಜಾಕೆಟ್ ಹಾಕ್ಕೊಂಡು ಬ್ಯಾಟನ್ ಲೈಟ್ ಹಿಡ್ಕೊಂಡು ನಿಲ್ಲಲೇಬೇಕು, ತಿರುವಿನ ಒಳಗೆ ಕೋನ್ ಇಟ್ರೆ ಏನೂ ಪ್ರಯೋಜನ ಇಲ್ಲ, ಲಾರಿ ಡ್ರೈವರ್‌ಗೆ ಅದು ಕಾಣೋ ಹೊತ್ತಿಗೆ ಅವನು ಅದರ ಮೇಲೇ ಇರ್ತಾನೆ. ಲೆಕ್ಕ ಹಾಕಿ ನೋಡಿ, 80 ಕಿಲೋಮೀಟರ್ ಸ್ಪೀಡಲ್ಲಿ ಬರೋ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತೆ, ನೀವು ಗಾಡಿ ಕೆಟ್ಟಾಗ ಇಡೋ ತ್ರಿಕೋನ ಬೋರ್ಡನ್ನ ಕಾರಿನ ಡಿಕ್ಕಿಯಿಂದ ಹತ್ತು ಹೆಜ್ಜೆ ಹಿಂದೆ ಇಟ್ರೆ ಅವನಿಗೆ ಕಾಲು ಬ್ರೇಕಿಗೆ ಇಡೋಕೂ ಟೈಮ್ ಸಿಗಲ್ಲ. ಕಡೇಪಕ್ಷ 50 ಮೀಟರ್, ಜಾಗ ಇದ್ರೆ ಇನ್ನೂ ದೂರ, ಇಳಿಜಾರು ಮಳೆ ಎರಡೂ ಸೇರಿದ್ರೆ ಅದೂ ಸಾಲಲ್ಲ.

ನಾಲ್ಕೂ ಇಂಡಿಕೇಟರ್ ಹಾಕಿದೀನಲ್ಲ ಸಾರ್ ಅಂತಾರೆ. ಮಂಜು ಬಿದ್ದಾಗ ಘಾಟೀಲಿ ಓಡೋ ಗಾಡಿಗಳೂ ನಾಲ್ಕೂ ಇಂಡಿಕೇಟರ್ ಹಾಕ್ಕೊಂಡೇ ಓಡ್ತವೆ, ಹಾಗಾಗಿ ಹಿಂದಿರೋನು ಮುಂದಿನ ಗಾಡಿ ಹೋಗ್ತಾ ಇದೆ ಅಂತಾನೇ ಅಂದ್ಕೊಂಡು ಅದನ್ನೇ ಫಾಲೋ ಮಾಡ್ಕೊಂಡು ಬಂದು ಗುದ್ದುತಾನೆ. ಈ ಅಭ್ಯಾಸ ನನಗೆ ಸುತರಾಂ ಇಷ್ಟ ಇಲ್ಲ, ಓಡೋವಾಗ ಹೆಡ್‌ಲೈಟ್ ಡಿಮ್ ಮಾಡ್ಕೊಂಡು ನಿಧಾನ ಹೋಗಿ, ಆ ಇಂಡಿಕೇಟರ್ ನಿಂತ ಗಾಡಿಗೆ ಇರ್ಲಿ.

ಆಮೇಲೆ ಜನ. ಒಂದು ರಾತ್ರಿ ಜೋರು ಮಳೇಲಿ ಸುಬ್ರಹ್ಮಣ್ಯಕ್ಕೆ ಹೊರಟ ಒಂದು ಕುಟುಂಬದ ಕಾರು ಪಂಕ್ಚರ್ ಆಗಿ ನಿಂತಿತ್ತು, ಹೋಗಿದ್ದು ಬಲಗಡೆ ಹಿಂದಿನ ಟೈರು, ಯಜಮಾನರು ಜ್ಯಾಕ್ ಹಾಕಿ ರೋಡಿನ ಕಡೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿದಾರೆ, ಮನೆಯವರು ಮಗು ಎತ್ಕೊಂಡು ಹಿಂದಿನ ಸೀಟಲ್ಲೇ ಇದಾರೆ.

"ಅಮ್ಮ, ಮಗು ಕರ್ಕೊಂಡು ಆ ಬ್ಯಾರಿಯರ್ ಆಚೆ ಬನ್ನಿ."

"ಮಳೆ ಹೊಡೀತಾ ಇದೆಯಲ್ಲ ಸಾರ್, ಒಳಗೇ ಇರ್ತೀವಿ."

"ನೆನೆದ್ರೆ ಒಣಗುತ್ತಮ್ಮ, ಕೊಡೆ ನಾನು ಹಿಡೀತೀನಿ, ಬನ್ನಿ."

ಬಂದ್ರು. ಬ್ಯಾರಿಯರ್ ಆಚೆ ನಿಲ್ಲಿಸೋವಾಗ್ಲೂ ಕಾರಿಗಿಂತ ಹಿಂದಕ್ಕೆ, ಅಂದ್ರೆ ಗಾಡಿಗಳು ಬರೋ ದಿಕ್ಕಿನ ಕಡೆಗೇ ನಿಲ್ಲಿಸ್ತೀವಿ, ಗುದ್ದಿದ್ರೆ ಕಾರು ಮುಂದಕ್ಕೆ ಹೋಗುತ್ತೇ ಹೊರತು ಇವರ ಮೇಲೆ ಬರಲ್ಲ. ಯಜಮಾನರಿಗೆ ಜ್ಯಾಕ್ ಇಳಿಸಿ ಅಂದೆ. ಟೈರಲ್ಲಿ ಗಾಳಿ ಇಲ್ದೆ ಓಡಿಸಿದ್ರೆ ಟೈರ್ ಹರಿದೋಗುತ್ತೆ ಸಾರ್ ಅಂದ್ರು. ಹೋಗ್ಲಿ ಬಿಡಿ, ಟೈರ್ ಹೋದ್ರೆ ಹೊಸದು ಸಿಗುತ್ತೆ ಅಂತ ಹೇಳಿ ನಾವು ಹಿಂದಿಂದ ಲೈಟ್ ಹಾಕ್ಕೊಂಡು ಕಾಪಾಡ್ತಾ ನಡೆಯೋ ಸ್ಪೀಡಲ್ಲಿ ಅಗಲ ಇರೋ ಜಾಗಕ್ಕೆ ಓಡಿಸ್ಕೊಂಡು ಹೋಗಿ ಅಲ್ಲಿ ಸ್ಟೆಪ್ನಿ ಹಾಕಿಸಿದ್ವಿ. ಬಲಗಡೆ ಚಕ್ರನ ರೋಡಲ್ಲೇ ಕೂತು ಬಿಚ್ಚೋಕೆ ನಾನು ಯಾರಿಗೂ ಬಿಡಲ್ಲ.

ಲಾರಿಗಳದ್ದು ಬೇರೆ ಕಥೆ. ಏರ್ ಲೀಕ್ ಆಯ್ತು ಅಂದ್ರೆ ಬ್ರೇಕ್ ತಾನೇ ಜಾಮ್ ಆಗಿ ನಡುರೋಡಲ್ಲೇ ಕೂತುಬಿಡುತ್ತೆ, ತಳ್ಳೋಕೂ ಆಗಲ್ಲ. ಡ್ರೈವರಣ್ಣಂದ್ರು ಕೆಳಗೆ ನುಗ್ಗಿ ಬೋಲ್ಟ್ ತಿರುಗಿಸಿ ಬ್ರೇಕ್ ಬಿಡಿಸ್ತಾರೆ, ಅವರಿಗೆ ಆ ಕೆಲಸ ಚೆನ್ನಾಗೇ ಬರುತ್ತೆ, ಆದ್ರೆ ಇಳಿಜಾರಲ್ಲಿ ಬ್ರೇಕ್ ಬಿಟ್ಟ ಕ್ಷಣ ಲೋಡ್ ಗಾಡಿ ಉರುಳುತ್ತೆ, ಅದಕ್ಕೆ ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಟ್ಟಿದಾರಾ ಅಂತ ನಾನೇ ಬಗ್ಗಿ ನೋಡಿ ಆಮೇಲೆ ಕೆಳಗೆ ಹೋಗೋಕೆ ಬಿಡ್ತೀನಿ.

ಈ ಕಲ್ಲುಗಳ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಗಾಡಿ ಕೆಟ್ರೆ ಹಿಂದೆ ಸೊಪ್ಪಿನ ಕೊಂಬೆ ಹಾಕಿ ಸುತ್ತ ದಪ್ಪ ದಪ್ಪ ಕಲ್ಲು ಜೋಡಿಸ್ತಾರೆ, ಹಗಲಲ್ಲಿ ಸೊಪ್ಪು ಪರವಾಗಿಲ್ಲ, ದೂರದಿಂದ ಕಾಣುತ್ತೆ, ಒಳ್ಳೇದೇ. ಆದ್ರೆ ಗಾಡಿ ರಿಪೇರಿ ಆಗಿ ಹೊರಟುಹೋಗುತ್ತೆ, ಕಲ್ಲು ಅಲ್ಲೇ ಬಿದ್ದಿರುತ್ತೆ, ರಾತ್ರಿ ಬರೋ ಬೈಕಿನವನಿಗೆ ಡಾಂಬರು ಯಾವುದು ಕಲ್ಲು ಯಾವುದು ಗೊತ್ತಾಗಲ್ಲ. ನಾನು ಡ್ರೈವರ್ ಸೀಟ್ ಹತ್ತೋಕೆ ಮುಂಚೆನೇ ಹೇಳ್ತೀನಿ, ಕಲ್ಲೆಲ್ಲ ಎತ್ತಿ ಚರಂಡಿ ಆಚೆ ಹಾಕಿ ಆಮೇಲೆ ಹೊರಡಪ್ಪ ಅಂತ, ನಾವೂ ಕೈ ಹಾಕ್ತೀವಿ. ಕೇಳದೇ ಹೋದವರ ಮೇಲೆ ಕೇಸೂ ಆಗುತ್ತೆ, ರೋಡಿಗೆ ಅಡ್ಡಿ ಮಾಡೋದು ಈಗಿನ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ. ಡ್ಯೂಟಿ ಇಲ್ದಾಗ್ಲೂ ರೋಡಲ್ಲಿ ಅಂಥ ಕಲ್ಲು ಕಂಡ್ರೆ ಗಾಡಿ ಸೈಡಿಗೆ ಹಾಕಿ ಇಳಿದು ಎತ್ತಿ ಹಾಕೇ ಮುಂದೆ ಹೋಗೋದು ನಾನು.

ಗ್ಯಾಸ್ ಟ್ಯಾಂಕರ್ ಅಂದ್ರೆ ಮಾತ್ರ ಎಲ್ಲ ತಲೆಕೆಳಗು. ಮಂಗಳೂರಿಂದ ಹತ್ತೋ ಟ್ಯಾಂಕರ್‌ಗಳು ಈ ದಾರೀಲೇ ಬರ್ತವೆ, 2013ರ ಏಪ್ರಿಲಲ್ಲಿ ಉಪ್ಪಿನಂಗಡಿ ಹತ್ರ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಜನ ಸತ್ತಿದ್ದು ಈ ರೋಡಲ್ಲಿ ಕೆಲಸ ಮಾಡೋ ಯಾರೂ ಮರೆಯಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಮೇಲೆ ಹೋಗಲ್ಲ, ತಗ್ಗು ಹಿಡ್ಕೊಂಡು ಚರಂಡಿ, ತೋಟ, ಮನೆ ಅಂತ ನೆಲದ ಮೇಲೇ ಹರಡುತ್ತೆ. ಹಾಗಾಗಿ ಟ್ಯಾಂಕರ್ ಮಗುಚಿದೆ ಅಂತ ಕರೆ ಬಂದ್ರೆ ನಾವು ಹತ್ರ ಹೋಗಲ್ಲ, ಎರಡೂ ಕಡೆ ದೂರದಲ್ಲೇ ಗಾಡಿ ತಡೆದು ಇಂಜಿನ್ ಆಫ್ ಮಾಡಿಸ್ತೀವಿ, ತಗ್ಗಲ್ಲಿರೋ ಮನೆಯವರನ್ನ ಒಲೆ ಆರಿಸಿ ಎಬ್ಬಿಸಿ ಗಾಳಿ ಬರೋ ಕಡೆಗೆ ಕಳಿಸ್ತೀವಿ, ಟ್ಯಾಂಕರ್ ಮೇಲಿರೋ ನಂಬರ್ ದೂರದಿಂದಲೇ ಓದಿ, 1075 ಅಂತಿದ್ರೆ ಎಲ್‌ಪಿಜಿ, ಫೈರ್‌ನವರಿಗೂ ಕಂಪನಿಯವರಿಗೂ ಹೇಳ್ತೀವಿ. ಅಷ್ಟರಲ್ಲಿ ಬೈಕಿನವರು ಸಂದೀಲಿ ನುಗ್ಗೋಕೆ ನೋಡ್ತಾರೆ, ಮೊಬೈಲಲ್ಲಿ ವಿಡಿಯೋ ಮಾಡೋಕೆ ಬರ್ತಾರೆ, ಅಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಮಾತಾಡ್ತೀನಿ, ಮಾತಾಡಲೇಬೇಕು.

ಡೀಸೆಲ್ ಚೆಲ್ಲಿದ್ರೆ ಒಣ ಮಣ್ಣು ಇಲ್ಲ ಮಿಲ್‌ನಿಂದ ಮರದ ಹೊಟ್ಟು ತಂದು ಸುರೀತೀವಿ, ನೀರು ಹಾಕಿದ್ರೆ ಇನ್ನೂ ಅಗಲಕ್ಕೆ ಹರಡುತ್ತೆ ಅಷ್ಟೇ. ಮರ ಬಿದ್ರೆ ತಂತಿ ಸಿಕ್ಕಿದೆಯಾ ಅಂತ ನೋಡಿ, ಕೆಇಬಿಯವರು ಲೈನ್ ಆಫ್ ಆಯ್ತು ಅಂದ್ಮೇಲೇ ಮಚ್ಚು ಗರಗಸ ಹಿಡಿಯೋದು, ಎಸ್ಟೇಟಿನವರು ಮರ ಕೊಯ್ಯೋ ಮಷಿನ್ ತಂದು ಎಷ್ಟೋ ಸಲ ಅರ್ಧರಾತ್ರೀಲಿ ನಮ್ಮ ಜೊತೆ ನಿಂತಿದಾರೆ. ಇನ್ನು ಸುಗ್ಗೀಲಿ ಒಳರಸ್ತೆಗಳಲ್ಲಿ ಹುರುಳಿ ಸೊಪ್ಪು ಹಾಸ್ತಾರೆ, ಅದು ಕಾರಿನ ಕೆಳಗೆ ಸುತ್ಕೊಂಡು ಸೈಲೆನ್ಸರ್ ಕಾವಿಗೆ ಹೊತ್ಕೊಳ್ಳುತ್ತೆ, ಸುಟ್ಟ ವಾಸನೆ ಬಂದ್ರೆ ನೋಡೋಣ ಅಂತ ಓಡಿಸಬೇಡಿ, ಸೊಪ್ಪು ದಾಟಿ ನಿಲ್ಲಿಸಿ ಎಲ್ಲರೂ ಇಳೀರಿ. ರೈತರಿಗೆ ಬೈದು ಪ್ರಯೋಜನ ಇಲ್ಲ, ಕಣ ಇಲ್ದೆ ರೋಡಿಗೆ ಬಂದಿರ್ತಾರೆ, ಊರಲ್ಲಿ ಕಣಕ್ಕೆ ಜಾಗ ಆದ್ರೆ ತಾನಾಗೇ ನಿಲ್ಲುತ್ತೆ ಅನ್ನೋದು ನನ್ನ ಅಭಿಪ್ರಾಯ.

ಗಾಯ ಆದವರನ್ನ ಮುಟ್ಟೋಕೆ ಹೆದರೋರು ಇನ್ನೂ ಇದಾರೆ, ಸ್ಟೇಷನ್ನಿಗೆ ಅಲೆದಾಡಿಸ್ತಾರೆ ಅಂತ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಸೇರಿಸಿ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದಾರೆ, ಆಸ್ಪತ್ರೆಗೆ ಬಿಟ್ಟು ಹೆಸರು ಹೇಳದೇ ಹೋದ್ರೂ ಯಾರೂ ಬಲವಂತ ಮಾಡೋ ಹಾಗಿಲ್ಲ.

ಕರೆ ಮಾಡೋವಾಗ 112, ನ್ಯಾಷನಲ್ ಹೈವೇ ಆದ್ರೆ 1033 ಕೂಡ ಇದೆ. ಘಾಟೀಲಿ ಇದೀನಿ ಬೇಗ ಬನ್ನಿ ಅಂದ್ರೆ ನಾವು ಇಡೀ ಘಾಟಿ ಹುಡುಕಬೇಕು, ಅದಕ್ಕೆ ಹತ್ರದ ಹಳದಿ ತಲೆಯ ಕಿಲೋಮೀಟರ್ ಕಲ್ಲಲ್ಲಿ ಏನಿದೆ ಓದಿ ಹೇಳಿ, ಮಂಗಳೂರ ಕಡೆ ಹೋಗ್ತಿದ್ರಾ ಹಾಸನದ ಕಡೆನಾ ಹೇಳಿ, ಗಾಡಿ ಬಿಳಿ ಗೆರೆ ಒಳಗಿದೆಯಾ ಹೊರಗಿದೆಯಾ, ಗಾಯ ಆಗಿದೆಯಾ, ಇಷ್ಟು ಹೇಳಿದ್ರೆ ಆಂಬುಲೆನ್ಸು ಬೇಕಾ ಕ್ರೇನ್ ಬೇಕಾ ಅಂತ ನಾವು ಹೊರಡೋವಾಗ್ಲೇ ತೀರ್ಮಾನ ಆಗುತ್ತೆ. ನೆಟ್‌ವರ್ಕ್ ಇಲ್ದಿರೋ ಜಾಗ ಅಲ್ಲಿ ಬೇಕಾದಷ್ಟಿವೆ, ಸಿಗ್ನಲ್ ಹುಡುಕ್ತಾ ರೋಡ್ ಮೇಲೆ ನಡೀಬೇಡಿ, ಒಂದು ಕೆಎಸ್‌ಆರ್‌ಟಿಸಿ ಬಸ್ಸಿಗೆ ಕೈ ಅಡ್ಡ ಹಾಕಿ ಡ್ರೈವರ್ ಹತ್ರ ಆ ಕಲ್ಲಿನ ನಂಬರ್ ಹೇಳಿ ಕಳ್ಸಿ, ಅವರು ಮುಂದೆ ಸಿಗೋ ಪೊಲೀಸರಿಗೆ ಹೇಳೇ ಹೇಳ್ತಾರೆ, ನಮಗೆ ಎಷ್ಟೋ ಸುದ್ದಿ ಬರೋದು ಅವರಿಂದಾನೇ.